ಕೀಲಿಗಿಂತ ಮೊದಲು ಕೈ

ಕಾರು ರಿಪೇರಿಯ ಗ್ಯಾರೇಜಿನ ಮುಂದೆ ಹಾದುಹೋಗುವಾಗ ಈ ದೃಶ್ಯವನ್ನು ನೀವು ಕಂಡಿರಬಹುದು. ಬಾನೆಟ್ ತೆರೆದ ಕಾರು, ಅದರ ಮೇಲೆ ಬಗ್ಗಿ ನಿಂತ ಮೆಕ್ಯಾನಿಕ್. ಎಂಜಿನ್ನಿನ ಒಂದು ಬದಿಯಲ್ಲಿರುವ ದೊಡ್ಡ ಬೋಲ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಸಿಕ್ಕಿಸಿ ಮೆಲ್ಲನೆ ಎಳೆಯುತ್ತಿರುತ್ತಾನೆ. ಸ್ವಲ್ಪ ಎಳೆಯುತ್ತಾನೆ, ನಿಲ್ಲಿಸುತ್ತಾನೆ, ಏನನ್ನೋ ನೋಡುತ್ತಾನೆ, ಮತ್ತೆ ಎಳೆಯುತ್ತಾನೆ. ಕಾರಿನಲ್ಲಿ ಬ್ಯಾಟರಿ ಇದೆ, ಸ್ಟಾರ್ಟರ್ ಮೋಟಾರ್ ಇದೆ. ಕೀಲಿ ತಿರುಗಿಸಿದರೆ ಸಾಕು, ಎಂಜಿನ್ ಗಿರ್ರನೆ ತಿರುಗುತ್ತದೆ. ಹಾಗಿದ್ದೂ ಈತ ಕೈ ನೋಯಿಸಿಕೊಂಡು ತಿರುಗಿಸುವುದೇಕೆ?

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಹೈಸ್ಕೂಲಿನಲ್ಲಿ ಓದಿದ ಸನ್ನೆಯ ತತ್ವ, ಪಿಯುಸಿಯಲ್ಲಿ ಓದುವ ಬಾಯ್ಲ್‌ನ ನಿಯಮ ಎರಡೂ ಎದುರಾಗುತ್ತವೆ. ಜೊತೆಗೆ, ಮನೆಯಲ್ಲಿ ಕಾರಿರುವ ಪ್ರತಿಯೊಬ್ಬರೂ ತಿಳಿದಿರಬೇಕಾದ ಒಂದು ಎಚ್ಚರಿಕೆಯೂ ಸಿಗುತ್ತದೆ.

ಎರಡು ಸುತ್ತು, ನಾಲ್ಕು ಕೆಲಸ

ಮೊದಲು ಎಂಜಿನ್ನಿನ ಒಳಗೆ ಇಣುಕೋಣ. ಪೆಟ್ರೋಲ್ ಎಂಜಿನ್ನಿನ ಪ್ರತಿ ಸಿಲಿಂಡರಿನಲ್ಲೂ ಒಂದು ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಕನೆಕ್ಟಿಂಗ್ ರಾಡ್ ಎಂಬ ಗಟ್ಟಿ ಸರಳು ಅದನ್ನು ಕೆಳಗಿರುವ ಕ್ರ್ಯಾಂಕ್ ಶಾಫ್ಟಿಗೆ ಜೋಡಿಸುತ್ತದೆ. ಪಿಸ್ಟನ್ ಮೊದಲ ಸಲ ಕೆಳಗಿಳಿಯುವಾಗ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆದುಕೊಳ್ಳುತ್ತದೆ. ಮೇಲೇರುವಾಗ ಅದನ್ನು ಒತ್ತಿ ಹಿಂಡುತ್ತದೆ. ಆಗ ಸ್ಪಾರ್ಕ್ ಪ್ಲಗ್ಗಿನ ಕಿಡಿ ಹೊತ್ತಿ, ಉರಿದ ಅನಿಲ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಕೊನೆಗೆ ಮತ್ತೆ ಮೇಲೇರುವ ಪಿಸ್ಟನ್ ಸುಟ್ಟ ಹೊಗೆಯನ್ನು ಹೊರದೂಡುತ್ತದೆ. ಹೀರು, ಹಿಂಡು, ಉರಿ, ಹೊರಹಾಕು. ಈ ನಾಲ್ಕು ಕೆಲಸ ಮುಗಿಯಲು ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಬೇಕು.

ಮಿಶ್ರಣ ಒಳಬರಲು ಒಂದು ವಾಲ್ವ್, ಹೊಗೆ ಹೊರಹೋಗಲು ಇನ್ನೊಂದು. ಇವೆರಡನ್ನು ಹೊತ್ತಿಗೆ ಸರಿಯಾಗಿ ತೆರೆಯುವ ಕೆಲಸ ಕ್ಯಾಮ್ ಶಾಫ್ಟಿನದು. ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಶಾಫ್ಟ್ ಒಂದೇ ಸುತ್ತು ತಿರುಗಬೇಕು. ಅದಕ್ಕಾಗಿ ಕ್ಯಾಮ್ ಶಾಫ್ಟಿನ ಚಕ್ರಕ್ಕೆ ಎರಡರಷ್ಟು ಹಲ್ಲುಗಳಿರುತ್ತವೆ. ಎರಡನ್ನೂ ಜೋಡಿಸುವುದು ಒಂದು ಚೈನು ಅಥವಾ ಹಲ್ಲಿರುವ ರಬ್ಬರ್ ಬೆಲ್ಟು. ಇದೇ ಟೈಮಿಂಗ್ ಬೆಲ್ಟ್.

ಎಂಜಿನ್ ತಣ್ಣಗೆ ನಿಂತಲ್ಲೇ ಓಡುತ್ತಿರುವಾಗಲೂ ಕ್ರ್ಯಾಂಕ್ ಶಾಫ್ಟ್ ನಿಮಿಷಕ್ಕೆ ಸುಮಾರು 800 ಸುತ್ತು, ಅಂದರೆ ಸೆಕೆಂಡಿಗೆ 13 ಸುತ್ತು ತಿರುಗುತ್ತದೆ. ಈ ವೇಗದಲ್ಲಿ ಯಾವ ವಾಲ್ವ್ ಯಾವಾಗ ತೆರೆಯಿತು, ಯಾವ ಪಿಸ್ಟನ್ ಎಲ್ಲಿತ್ತು ಎಂದು ಯಾರ ಕಣ್ಣಿಗೂ ಕಾಣಿಸದು. ಸ್ಟಾರ್ಟರ್ ಮೋಟಾರಿನಿಂದ ತಿರುಗಿಸಿದರೂ ಬೇಕೆಂದ ಡಿಗ್ರಿಗೆ ಸರಿಯಾಗಿ ನಿಲ್ಲಿಸಲು ಆಗುವುದಿಲ್ಲ. ಕೈಯಿಂದ ತಿರುಗಿಸಿದರೆ ಎಂಜಿನ್ ನಮ್ಮ ವೇಗಕ್ಕೆ ಇಳಿಯುತ್ತದೆ.

ಹ್ಯಾಂಡಲ್ ಹೊಡೆಯುತ್ತಿದ್ದ ಕಾಲ

ಹಿಂದೆ ಕಾರುಗಳನ್ನು ಚಾಲೂ ಮಾಡಲು ಇದ್ದ ದಾರಿ ಕೈಯೊಂದೇ. ಮುಂಭಾಗದ ರಂಧ್ರದಲ್ಲಿ ಡೊಂಕು ಹ್ಯಾಂಡಲ್ ತೂರಿಸಿ ಜೋರಾಗಿ ತಿರುಗಿಸಬೇಕಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಜನಸಾಮಾನ್ಯರ ಕಾರೆನಿಸಿದ್ದ ಫೋರ್ಡ್ ಮಾಡೆಲ್ ಟಿಗೆ ಅದು ಸಿಕ್ಕಿದ್ದು 1919ರಲ್ಲಿ. ನಮ್ಮ ಅಂಬಾಸಿಡರ್ ಕಾರಿನಲ್ಲಿ ಸ್ಟಾರ್ಟರ್ ಇದ್ದರೂ ಡಿಕ್ಕಿಯಲ್ಲಿ ಒಂದು ಹ್ಯಾಂಡಲ್ ಇರುತ್ತಿದ್ದುದು ಅನೇಕ ಪಾಲಕರಿಗೆ ನೆನಪಿರಬಹುದು. ಚಳಿಗಾಲದ ಬೆಳಿಗ್ಗೆ ಬ್ಯಾಟರಿ ಕೈಕೊಟ್ಟಾಗ ಅದೇ ಗತಿ. ಆ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು.

ಹ್ಯಾಂಡಲ್ ಹೊಡೆಯುವುದು ಅಪಾಯದ ಕೆಲಸವೂ ಆಗಿತ್ತು. ಪಿಸ್ಟನ್ ಮೇಲ್ತುದಿ ತಲುಪುವ ಮೊದಲೇ ಕಿಡಿ ಹೊತ್ತಿದರೆ ಉರಿದ ಅನಿಲ ಪಿಸ್ಟನ್ನನ್ನು ಬಂದ ದಾರಿಯಲ್ಲೇ ಹಿಂದಕ್ಕೆ ನೂಕುತ್ತದೆ. ಆಗ ಹ್ಯಾಂಡಲ್ ತಟ್ಟನೆ ಉಲ್ಟಾ ತಿರುಗಿ ಹಿಡಿದವನ ಮಣಿಕಟ್ಟಿಗೆ ಬಡಿಯುತ್ತಿತ್ತು. ಮಣಿಕಟ್ಟಿನ ಬಳಿ, ಹೆಬ್ಬೆರಳಿನ ಕಡೆಯ ಮೂಳೆ ಮುರಿಯುವ ಒಂದು ಬಗೆಗೆ ಮೂಳೆ ವೈದ್ಯರು ಇಂದಿಗೂ 'ಶೋಫರ್ ಫ್ರ್ಯಾಕ್ಚರ್' ಎನ್ನುತ್ತಾರೆ. ಶೋಫರ್ ಎಂದರೆ ಕಾರಿನ ಚಾಲಕ. ಹೆಬ್ಬೆರಳನ್ನು ಹ್ಯಾಂಡಲಿನ ಆಚೆ ಬದಿಗೆ ಸುತ್ತದೆ ಉಳಿದ ಬೆರಳುಗಳ ಜೊತೆಗೇ ಇಟ್ಟುಕೊಳ್ಳಬೇಕೆಂದು ಹಳೆಯ ಚಾಲಕರು ಹೊಸಬರಿಗೆ ಹೇಳಿಕೊಡುತ್ತಿದ್ದುದು ಇದಕ್ಕಾಗಿಯೇ. ಹ್ಯಾಂಡಲ್ ಒದ್ದರೂ ಆಗ ಕೈ ಜಾರಿ ಹೊರಬರುತ್ತದೆ.

ಗ್ಯಾರೇಜಿನಲ್ಲಿ ಕೈಯಿಂದ ತಿರುಗಿಸುವ ಉದ್ದೇಶ ಬೇರೆ. ಎಂಜಿನ್ ಚಾಲೂ ಆಗಲೇಬಾರದು, ಆದರೆ ತಿರುಗಬೇಕು. ಅದಕ್ಕೆ ಎಷ್ಟು ಬಲ ಬೇಕಾದೀತು?

ಒಂದು ಸಣ್ಣ ಲೆಕ್ಕ

1983ರ ಕೊನೆಯಲ್ಲಿ ರಸ್ತೆಗೆ ಬಂದ ಮಾರುತಿ 800 ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಎಂಜಿನ್ 796 ಸಿ.ಸಿ., ಮೂರು ಸಿಲಿಂಡರು. ಸಿಲಿಂಡರಿನ ವ್ಯಾಸ 6.85 ಸೆಂ.ಮೀ., ಪಿಸ್ಟನ್ ಓಡಾಡುವ ದೂರ 7.2 ಸೆಂ.ಮೀ. ವ್ಯಾಸದಿಂದ ಪಿಸ್ಟನ್ನಿನ ವಿಸ್ತೀರ್ಣವನ್ನು ನೀವೇ ಲೆಕ್ಕ ಹಾಕಿ. ಸುಮಾರು 37 ಚದರ ಸೆಂ.ಮೀ. ಬರುತ್ತದೆ.

ಪಿಸ್ಟನ್ ಮೇಲೇರುತ್ತ ಒಳಗಿನ ಗಾಳಿಯನ್ನು ಐದನೇ ಒಂದು ಭಾಗದಷ್ಟು ಜಾಗಕ್ಕೆ ಒತ್ತಿದೆ ಎಂದುಕೊಳ್ಳಿ. ಬಾಯ್ಲ್‌ನ ನಿಯಮದಂತೆ, ಉಷ್ಣತೆ ಬದಲಾಗದಿದ್ದರೆ, ಒತ್ತಡ ಐದು ಪಟ್ಟಾಗುತ್ತದೆ. ಪಿಸ್ಟನ್ನಿನ ಕೆಳಗೆ ಒಂದು ವಾಯುಭಾರದ ಒತ್ತಡ ಇದ್ದೇ ಇದೆ. ಉಳಿಯುವುದು ನಾಲ್ಕು. ಒಂದು ವಾಯುಭಾರವೆಂದರೆ ಚದರ ಸೆಂ.ಮೀ.ಗೆ ಸುಮಾರು ಒಂದು ಕಿಲೋಗ್ರಾಂ ತೂಕದಷ್ಟು ಬಲ. ಅಲ್ಲಿಗೆ ಪಿಸ್ಟನ್ನನ್ನು ಕೆಳಕ್ಕೆ ಒತ್ತುವ ಬಲ 37 ಗುಣಿಸು 4, ಅಂದರೆ 148 ಕಿಲೋಗ್ರಾಂ ತೂಕದಷ್ಟು. ಒಂದೂವರೆ ಅಕ್ಕಿ ಮೂಟೆಯನ್ನು ಪಿಸ್ಟನ್ ಮೇಲೆ ಹೇರಿದಂತೆ!

ಇಷ್ಟು ಭಾರವನ್ನು ಒಬ್ಬನೇ ಮೆಕ್ಯಾನಿಕ್ ಹೇಗೆ ಎತ್ತುತ್ತಾನೆ? ಇಲ್ಲಿ ಸನ್ನೆಯ ತತ್ವ ನೆರವಿಗೆ ಬರುತ್ತದೆ. ಆ ಕ್ಷಣದಲ್ಲಿ ಕ್ರ್ಯಾಂಕ್ ಶಾಫ್ಟಿನ ನಡುವಿನಿಂದ ಈ ಬಲ ವರ್ತಿಸುವ ಗೆರೆಗೆ ಇರುವ ದೂರ ಸುಮಾರು 2.4 ಸೆಂ.ಮೀ. ಮಾತ್ರ. ಮೆಕ್ಯಾನಿಕ್ಕಿನ ಸ್ಪ್ಯಾನರಿನ ಹಿಡಿ 45 ಸೆಂ.ಮೀ. ಇದ್ದರೆ, 148ನ್ನು 2.4ರಿಂದ ಗುಣಿಸಿ 45ರಿಂದ ಭಾಗಿಸಿ. ಎಂಟು ಕಿಲೋಗ್ರಾಮಿಗೂ ತುಸು ಕಡಿಮೆ. ಒಂದು ಕೊಡ ನೀರೆತ್ತುವ ಶ್ರಮವೂ ಬೇಡ. ಘರ್ಷಣೆಗೆಂದು ಇನ್ನಷ್ಟು ಸೇರಿಸಿಕೊಳ್ಳಬೇಕು, ನಿಜ. ಅದೇ 15 ಸೆಂ.ಮೀ. ಉದ್ದದ ಗಿಡ್ಡ ಸ್ಪ್ಯಾನರ್ ಹಿಡಿದರೆ 24 ಕಿಲೋಗ್ರಾಂ ಬೇಕು. ಗ್ಯಾರೇಜಿನಲ್ಲಿ ಉದ್ದ ಹಿಡಿಗೆ ಬೆಲೆ ಏಕೆಂದು ಈಗ ಅರ್ಥವಾಯಿತಲ್ಲ?

ಒಂದು ಮಾತು ಗಮನಿಸಿ. ಉಷ್ಣತೆ ಬದಲಾಗದಿದ್ದರೆ ಎಂದು ಹೇಳಿದೆ. ಸೈಕಲ್ ಪಂಪನ್ನು ಭರಭರನೆ ಒತ್ತಿದಾಗ ಅದರ ಬುಡ ಬಿಸಿಯಾಗುತ್ತದೆ, ನಿಧಾನವಾಗಿ ಒತ್ತಿದರೆ ಅಷ್ಟು ಬಿಸಿಯಾಗದು. ಎಂಜಿನ್ ವೇಗವಾಗಿ ಓಡುವಾಗ ಹಿಂಡಿದ ಗಾಳಿ ನೂರಾರು ಡಿಗ್ರಿ ಕಾಯುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲದೆಯೇ ಇಂಧನ ಹೊತ್ತಿಕೊಳ್ಳುವುದು ಆ ಕಾವಿಗೇ. ಕೈಯಿಂದ ನಿಧಾನವಾಗಿ ತಿರುಗಿಸುವಾಗ ಶಾಖ ಸಿಲಿಂಡರಿನ ಗೋಡೆಗೆ ಹರಿದುಹೋಗುತ್ತದೆ, ಸ್ವಲ್ಪ ಗಾಳಿ ಪಿಸ್ಟನ್ ರಿಂಗುಗಳ ಸಂದಿನಿಂದ ಸೋರುತ್ತದೆ. ಹಾಗಾಗಿ ನಮ್ಮ ಲೆಕ್ಕ ಕೈ ತಿರುಗಿಸುವ ವೇಗಕ್ಕೆ ಸರಿಹೊಂದುತ್ತದೆ.

ಇನ್ನೂ ಸುಲಭ ಮಾಡಬೇಕೆ? ಸ್ಪಾರ್ಕ್ ಪ್ಲಗ್ಗುಗಳನ್ನೆಲ್ಲ ಬಿಚ್ಚಿಬಿಡಿ. ಗಾಳಿಗೆ ಹೊರಹೋಗಲು ದಾರಿಯಾಯಿತು, ಹಿಂಡುವ ಶ್ರಮ ತಪ್ಪಿತು, ಉಳಿದದ್ದು ಘರ್ಷಣೆಯೊಂದೇ. ಹಳ್ಳಿಯ ಓದುಗರು ಈ ಉಪಾಯವನ್ನು ಹೊಲದಲ್ಲೇ ನೋಡಿರುತ್ತಾರೆ. ಹ್ಯಾಂಡಲ್ ಹೊಡೆದು ಚಾಲೂ ಮಾಡುವ ಡೀಸೆಲ್ ಪಂಪ್‌ಸೆಟ್ಟಿನ ತಲೆಯ ಮೇಲೆ ಒಂದು ಪುಟ್ಟ ಸನ್ನೆ ಇರುತ್ತದೆ. ಅದನ್ನು ಎತ್ತಿ ಹಿಡಿದರೆ ವಾಲ್ವ್ ಮುಚ್ಚಿಕೊಳ್ಳದೆ ಗಾಳಿ ಹೊರಹೋಗುತ್ತಿರುತ್ತದೆ. ಹ್ಯಾಂಡಲ್ ಹಗುರವಾಗಿ ತಿರುಗಿ ದಪ್ಪ ಗಾಲಿಗೆ ವೇಗ ಬಂದ ಮೇಲೆ ಸನ್ನೆಯನ್ನು ಬಿಟ್ಟರೆ, ಗಾಲಿಯ ಜಡತ್ವವೇ ಗಾಳಿಯನ್ನು ಹಿಂಡಿ ಎಂಜಿನ್ನನ್ನು ಚಾಲೂ ಮಾಡುತ್ತದೆ.

ಹೆಬ್ಬೆರಳಿನ ಪರೀಕ್ಷೆ, ಒಂಬತ್ತರ ಸೂತ್ರ

ಕೈಯಿಂದ ತಿರುಗಿಸುವ ಮೊದಲ ಉಪಯೋಗ ಪಿಸ್ಟನ್ ಎಲ್ಲಿದೆಯೆಂದು ತಿಳಿಯುವುದು. ಪಿಸ್ಟನ್ ಎರಡು ಸುತ್ತಿನಲ್ಲಿ ಎರಡು ಸಲ ಮೇಲ್ತುದಿಗೆ ಬರುತ್ತದೆ. ಒಂದು ಸಲ ಗಾಳಿಯನ್ನು ಹಿಂಡುತ್ತ, ಇನ್ನೊಂದು ಸಲ ಹೊಗೆಯನ್ನು ಹೊರದೂಡುತ್ತ. ಪುಲ್ಲಿಯ ಮೇಲಿನ ಗುರುತು ಎರಡು ಸಲವೂ ಒಂದೇ ಜಾಗಕ್ಕೆ ಬರುವುದರಿಂದ ಕಣ್ಣಿಗೆ ವ್ಯತ್ಯಾಸ ತಿಳಿಯದು. ಮೆಕ್ಯಾನಿಕ್ ಪ್ಲಗ್ ಬಿಚ್ಚಿದ ರಂಧ್ರದ ಮೇಲೆ ಹೆಬ್ಬೆರಳಿಡುತ್ತಾನೆ, ಇನ್ನೊಬ್ಬ ಎಂಜಿನ್ ತಿರುಗಿಸುತ್ತಾನೆ. ಗಾಳಿ ಬೆರಳನ್ನು ಪುಸಕ್ಕನೆ ನೂಕಿದರೆ ಅದು ಹಿಂಡುವ ಸರದಿ. ನೂಕದಿದ್ದರೆ ಇನ್ನೊಂದು ಸುತ್ತು ತಿರುಗಿಸಬೇಕು.

ಎರಡನೆಯದು ವಾಲ್ವುಗಳ ಸಂದು ಹೊಂದಿಸುವ ಕೆಲಸ. ಗ್ಯಾರೇಜಿನ ಮಾತಿನಲ್ಲಿ 'ಟ್ಯಾಪೆಟ್ ಸೆಟ್ಟಿಂಗ್'. ಲೋಹ ಕಾದಾಗ ಹಿಗ್ಗುತ್ತದೆ. ಹಿಗ್ಗಲು ಜಾಗವಿರಲೆಂದು ವಾಲ್ವಿನ ತುದಿಯಲ್ಲಿ ಮಿಲಿಮೀಟರಿನ ಕೆಲವೇ ಹತ್ತನೇ ಭಾಗಗಳಷ್ಟು ಸಂದು ಬಿಟ್ಟಿರುತ್ತಾರೆ. ಸಂದು ಹೆಚ್ಚಾದರೆ ಟಿಕ್ ಟಿಕ್ ಸದ್ದು. ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಅದರ ಅಂಚು ಸುಟ್ಟುಹೋಗುತ್ತದೆ. ಸಂದು ಅಳೆಯಬೇಕಾದರೆ ಆ ವಾಲ್ವ್ ಪೂರ್ತಿ ಮುಚ್ಚಿರುವಲ್ಲಿಗೆ ಎಂಜಿನ್ನನ್ನು ತಿರುಗಿಸಿ ನಿಲ್ಲಿಸಬೇಕು.

ಅಂಬಾಸಿಡರಿನ ನಾಲ್ಕು ಸಿಲಿಂಡರ್, ಎಂಟು ವಾಲ್ವಿನ ಹಳೆಯ ಪೆಟ್ರೋಲ್ ಎಂಜಿನ್ನಿಗೆ ಇದರಲ್ಲೊಂದು ಸೊಗಸಾದ ಸೂತ್ರವಿದೆ. ವಾಲ್ವುಗಳನ್ನು ಸಾಲಾಗಿ 1ರಿಂದ 8ರವರೆಗೆ ಎಣಿಸಿ. ಎಂಟನೆಯದು ಪೂರ್ತಿ ತೆರೆದಿರುವಾಗ ಒಂದನೆಯದನ್ನು ಹೊಂದಿಸಿ. ಆರನೆಯದು ತೆರೆದಿರುವಾಗ ಮೂರನೆಯದನ್ನು. ಯಾವಾಗಲೂ ಎರಡರ ಮೊತ್ತ ಒಂಬತ್ತು. ಇದು ಮಂತ್ರವಲ್ಲ, ಜ್ಯಾಮಿತಿ. ಈ ಎಂಜಿನ್ನಿನಲ್ಲಿ 1 ಮತ್ತು 4ನೇ ಪಿಸ್ಟನ್ನುಗಳು ಜೊತೆಯಾಗಿ ಏರಿಳಿಯುತ್ತವೆ, 2 ಮತ್ತು 3 ಕೂಡ ಹಾಗೆಯೇ. ಆದರೆ ಜೋಡಿಯಲ್ಲಿ ಒಂದರ ಕೆಲಸ ಇನ್ನೊಂದಕ್ಕಿಂತ ಕ್ರ್ಯಾಂಕ್ ಶಾಫ್ಟಿನ ಒಂದು ಸುತ್ತು, ಅಂದರೆ ಕ್ಯಾಮ್ ಶಾಫ್ಟಿನ ಅರ್ಧ ಸುತ್ತು ಹಿಂದಿರುತ್ತದೆ. ನಾಲ್ಕನೇ ಸಿಲಿಂಡರಿನ ವಾಲ್ವನ್ನು ಕ್ಯಾಮಿನ ಉಬ್ಬು ಪೂರ್ತಿ ಒತ್ತಿ ಹಿಡಿದಿರುವಾಗ, ಒಂದನೇ ಸಿಲಿಂಡರಿನ ಅಂಥದೇ ವಾಲ್ವಿನ ಉಬ್ಬು ಸರಿಯಾಗಿ ಎದುರು ದಿಕ್ಕಿಗೆ ತಿರುಗಿರುತ್ತದೆ. ಆಗ ಆ ವಾಲ್ವ್ ಮುಚ್ಚಿರಲೇಬೇಕು.

ಅಡ್ಡ ಬಂದಾಗ ನಿಲ್ಲಿಸಿ

ಟೈಮಿಂಗ್ ಬೆಲ್ಟ್ ಬದಲಿಸಿದ ಮೇಲೆ ಒಳ್ಳೆಯ ಮೆಕ್ಯಾನಿಕ್ ಕೀಲಿಗೆ ಕೈ ಹಾಕುವುದಿಲ್ಲ. ಮೊದಲು ಕ್ರ್ಯಾಂಕ್ ಶಾಫ್ಟನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ತಮ್ಮ ಜಾಗಕ್ಕೆ ಬಂದವೇ ಎಂದು ನೋಡುತ್ತಾನೆ. ಎರಡೇ ಸುತ್ತು ಏಕೆಂದು ನಿಮಗೀಗ ಗೊತ್ತು. ಅಷ್ಟರಲ್ಲಿ ಪ್ರತಿ ವಾಲ್ವೂ ಒಮ್ಮೆ ತೆರೆದು ಮುಚ್ಚಿರುತ್ತದೆ.

ಅನೇಕ ಎಂಜಿನ್‌ಗಳಲ್ಲಿ ಪೂರ್ತಿ ತೆರೆದ ವಾಲ್ವ್ ಇಳಿದು ನಿಲ್ಲುವ ಜಾಗ, ಪಿಸ್ಟನ್ ಏರಿ ಬರುವ ಜಾಗ ಎರಡೂ ಒಂದೇ. ಇಬ್ಬರು ಬಾಡಿಗೆದಾರರು ಒಂದೇ ಕೋಣೆಯನ್ನು ಸರದಿಯ ಮೇಲೆ ಬಳಸಿದಂತೆ. ಬೆಲ್ಟ್ ಒಂದೆರಡು ಹಲ್ಲು ತಪ್ಪಿ ಕುಳಿತರೆ ಸರದಿ ಕೆಟ್ಟು ಇಬ್ಬರೂ ಡಿಕ್ಕಿ ಹೊಡೆಯಬಹುದು. ಕೈಯಿಂದ ತಿರುಗಿಸುವಾಗ ಹಾಗಾದರೆ ಸ್ಪ್ಯಾನರ್ ತಟ್ಟನೆ ನಿಲ್ಲುತ್ತದೆ. ಗಾಳಿ ಹಿಂಡುವಾಗ ಬರುವ ವಿರೋಧ ಮೆತ್ತಗೆ ಏರುತ್ತದೆ, ಸ್ಪ್ರಿಂಗಿನಂತೆ ಕೈಯನ್ನು ಹಿಂದಕ್ಕೆ ತಳ್ಳುತ್ತದೆ. ಲೋಹಕ್ಕೆ ಲೋಹ ತಗುಲಿದ ವಿರೋಧ ಗೋಡೆಗೆ ಗುದ್ದಿದಂತಿರುತ್ತದೆ. ಪಳಗಿದ ಕೈಗೆ ಈ ಎರಡರ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಅಲ್ಲಿಯೇ ನಿಲ್ಲಿಸಿ ಬೆಲ್ಟನ್ನು ಮತ್ತೆ ಹೊಂದಿಸಿದರೆ ನಷ್ಟವೇನೂ ಇಲ್ಲ. ಅದರ ಬದಲು ಕೀಲಿ ತಿರುಗಿಸಿದ್ದರೆ? ಸ್ಟಾರ್ಟರ್ ಮೋಟಾರಿನ ಹಲ್ಲುಚಕ್ರ ಪುಟ್ಟದು, ಅದು ತಿರುಗಿಸುವ ಗಾಲಿ ದೊಡ್ಡದು. ಹೀಗೆ ಹತ್ತಾರು ಪಟ್ಟು ಹೆಚ್ಚಿದ ಬಲ ಅಡ್ಡ ಬಂದದ್ದನ್ನು ವಿಚಾರಿಸುವುದಿಲ್ಲ. ವಾಲ್ವುಗಳು ಬಾಗಿ, ಎಂಜಿನ್ನಿನ ತಲೆಯನ್ನೇ ಬಿಚ್ಚಬೇಕಾಗುತ್ತದೆ.

ತಿರುಗಿಸುವ ದಿಕ್ಕಿಗೂ ಮಹತ್ವವಿದೆ. ಪುಲ್ಲಿಯ ಕಡೆಯಿಂದ ನೋಡಿದಾಗ ಹೆಚ್ಚಿನ ಎಂಜಿನ್‌ಗಳು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತವೆ. ಹೋಂಡಾದ ಹಳೆಯ ಕೆಲವು ಎಂಜಿನ್‌ಗಳು ಇದಕ್ಕೆ ವಿರುದ್ಧ. ಉಲ್ಟಾ ತಿರುಗಿಸಿದರೆ ಬೆಲ್ಟಿನ ಬಿಗಿ ತಪ್ಪಿ ಹಲ್ಲು ಹಾರಬಹುದು, ಪುಲ್ಲಿಯ ಬೋಲ್ಟೇ ಸಡಿಲವಾಗಬಹುದು. ಕಾರಿನ ಕೈಪಿಡಿಯನ್ನು ಓದಿಯೇ ಮುಂದುವರಿಯಬೇಕು.

ಮಳೆಗಾಲದ ಎಚ್ಚರಿಕೆ

ಇನ್ನು ಪಾಲಕರಿಗೆ ಮುಖ್ಯವಾದ ಮಾತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರ ವರ್ತುಲ ರಸ್ತೆಯ ಸುತ್ತಮುತ್ತ ಮಳೆ ನೀರು ನುಗ್ಗಿ ಕಾರುಗಳು ಮುಳುಗಿ ನಿಂತದ್ದನ್ನು ನೋಡಿದ್ದೇವೆ. ನೀರು ಇಳಿದ ಮೇಲೆ ಯಾರಿಗಾದರೂ ಮೊದಲು ಅನಿಸುವುದು, ಕಾರು ಚಾಲೂ ಆಗುತ್ತದೆಯೇ ನೋಡೋಣ ಎಂದು. ಹಾಗೆ ನೋಡಬಾರದು.

ಗಾಳಿಯನ್ನು ಹಿಂಡಬಹುದು, ನೀರನ್ನು ಹಿಂಡಲಾಗದು. ಮೇಲಿನ ಉದಾಹರಣೆಯಲ್ಲಿ ಒಂದು ಸಿಲಿಂಡರಿನಲ್ಲಿ ಪಿಸ್ಟನ್ ಓಡಾಡುವ ಜಾಗ ಸುಮಾರು 265 ಸಿ.ಸಿ. ಗಾಳಿಯನ್ನು ಒಂಬತ್ತನೇ ಒಂದು ಭಾಗಕ್ಕೆ ಹಿಂಡುವ ಎಂಜಿನ್ ಎಂದುಕೊಂಡರೆ, ಪಿಸ್ಟನ್ ಮೇಲ್ತುದಿಗೆ ಬಂದಾಗ ಉಳಿಯುವ ಜಾಗ 33 ಸಿ.ಸಿ. ಮಾತ್ರ. ಮಗುವಿಗೆ ಹಾಲು ಕುಡಿಸುವ ಒಳಲೆಯಲ್ಲಿ ಹಿಡಿಯುವಷ್ಟು. ಅದಕ್ಕಿಂತ ಹೆಚ್ಚು ನೀರು ಸಿಲಿಂಡರಿನೊಳಗಿದ್ದರೆ ಪಿಸ್ಟನ್ ಮೇಲ್ತುದಿ ತಲುಪುವ ಮೊದಲೇ ನಿಲ್ಲಬೇಕು. ಸ್ಟಾರ್ಟರ್ ಬಲವಂತವಾಗಿ ದೂಡಿದರೆ ಬಾಗುವುದು ಕನೆಕ್ಟಿಂಗ್ ರಾಡ್. ಓಡುತ್ತಿರುವ ಎಂಜಿನ್ ರಸ್ತೆಯ ನೀರನ್ನು ಹೀರಿಕೊಂಡರೆ ಅದು ಮುರಿದು ಎಂಜಿನ್ನಿನ ಗೋಡೆಯನ್ನೇ ಸೀಳಬಹುದು. ಸಾಮಾನ್ಯ ವಿಮೆಯಲ್ಲಿ ಈ ಬಗೆಯ ನಷ್ಟಕ್ಕೆ ಪರಿಹಾರ ಸಿಗದಿರಬಹುದು, ಪಾಲಿಸಿಯನ್ನು ಈಗಲೇ ತೆಗೆದು ಓದಿ ನೋಡಿ.

ಸರಿಯಾದ ಕ್ರಮ ಇದು. ಕೀಲಿ ಮುಟ್ಟಬೇಡಿ. ಬ್ಯಾಟರಿಯ ಸಂಪರ್ಕ ತಪ್ಪಿಸಿ ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ. ಅಲ್ಲಿ ಏರ್ ಫಿಲ್ಟರ್ ಬಿಚ್ಚಿ ನೋಡುತ್ತಾರೆ, ಎಣ್ಣೆಯಲ್ಲಿ ನೀರು ಬೆರೆತಿದೆಯೇ ಪರೀಕ್ಷಿಸುತ್ತಾರೆ. ಪ್ಲಗ್ಗುಗಳನ್ನು ಬಿಚ್ಚಿ ಎಂಜಿನ್ನನ್ನು ಕೈಯಿಂದ ತಿರುಗಿಸುತ್ತಾರೆ. ಒಳಗೆ ನೀರಿದ್ದರೆ ಪ್ಲಗ್ಗಿನ ರಂಧ್ರದಿಂದ ಚಿಮ್ಮುತ್ತದೆ. ಹೀಗೆ ಒಣಗಿಸಿ, ಎಣ್ಣೆ ಬದಲಿಸಿದ ಎಷ್ಟೋ ಎಂಜಿನ್‌ಗಳು ಉಳಿದುಕೊಳ್ಳುತ್ತವೆ.

ಬಹಳ ಕಾಲ ಓಡಿಸದೆ ನಿಲ್ಲಿಸಿದ ಕಾರಿಗೂ ಇದೇ ಮರ್ಯಾದೆ. ಪಿಸ್ಟನ್ ರಿಂಗುಗಳು ತುಕ್ಕಿನಿಂದ ಸಿಲಿಂಡರಿಗೆ ಕಚ್ಚಿಕೊಂಡಿರಬಹುದು. ಪ್ಲಗ್ಗಿನ ರಂಧ್ರದಿಂದ ಸ್ವಲ್ಪ ಎಣ್ಣೆ ಹಾಕಿ, ಒಂದೆರಡು ದಿನ ಬಿಟ್ಟು, ಕೈಯಿಂದ ಮೆಲ್ಲನೆ ತಿರುಗಿಸಿ ಸಡಿಲಿಸಿದ ಮೇಲೆಯೇ ಸ್ಟಾರ್ಟರಿನ ಮಾತು.

ಕೀಲಿ ಯಾರ ಜೇಬಿನಲ್ಲಿ?

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಗ್ಯಾರೇಜು ನಡೆಸುತ್ತಾನೆ. ಅವನ ಬಳಿ ಕಲಿಯಲು ಬರುವ ಐಟಿಐ ಹುಡುಗರಿಗೆ ಮೊದಲ ದಿನ ಹೇಳುವುದು ಒಂದೇ ನಿಯಮ: ಎಂಜಿನ್ ಮೇಲೆ ಕೈ ಇಟ್ಟವನ ಜೇಬಿನಲ್ಲೇ ಕೀಲಿ ಇರಬೇಕು. ಒಬ್ಬ ಪುಲ್ಲಿ ತಿರುಗಿಸುತ್ತಿರುವಾಗ ಇನ್ನೊಬ್ಬ ಒಳಗೆ ಕುಳಿತು ಕೀಲಿ ತಿರುಗಿಸಿದರೆ ಬೆರಳು ಬೆಲ್ಟಿಗೆ ಸಿಕ್ಕಿ ಹೋಗುತ್ತದೆ, ಸ್ಪ್ಯಾನರ್ ಮುಖಕ್ಕೆ ಬಡಿಯುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚುವುದು ಇನ್ನೂ ಒಳ್ಳೆಯದು. ಕೆಲವು ಕಾರುಗಳಲ್ಲಿ ಕೀಲಿ ತೆಗೆದಿದ್ದರೂ ರೇಡಿಯೇಟರಿನ ಫ್ಯಾನ್ ತಾನಾಗಿ ತಿರುಗಲು ತೊಡಗುತ್ತದೆ. ಗೇರು ನ್ಯೂಟ್ರಲ್‌ನಲ್ಲಿರಬೇಕು, ಹ್ಯಾಂಡ್ ಬ್ರೇಕ್ ಎಳೆದಿರಬೇಕು, ಚಕ್ರಗಳಿಗೆ ಕಲ್ಲು ಕೊಟ್ಟಿರಬೇಕು. ತಿರುಗಿಸಿ ಮುಗಿದ ಮೇಲೆ ಸ್ಪ್ಯಾನರನ್ನು ಬೋಲ್ಟಿನಲ್ಲೇ ಮರೆತು ಬಿಡಬಾರದು. ಈಗಿನ ಹೈಬ್ರಿಡ್ ಕಾರುಗಳಲ್ಲಂತೂ ಎಂಜಿನ್ ಹೇಳದೆ ಕೇಳದೆ ಚಾಲೂ ಆಗಬಲ್ಲದು, ಜೊತೆಗೆ ಹೆಚ್ಚು ವೋಲ್ಟೇಜಿನ ವಿದ್ಯುತ್ತೂ ಇರುತ್ತದೆ. ತರಬೇತಿ ಇಲ್ಲದವರು ಅವುಗಳನ್ನು ಮುಟ್ಟಲೇಬಾರದು.

ವಿದ್ಯಾರ್ಥಿಗಳೇ, ಬಾಯ್ಲ್‌ನ ನಿಯಮವನ್ನು ಬರೆದು ಅಂಕ ತೆಗೆಯುವುದು ಕಷ್ಟವಲ್ಲ. ಆದರೆ ಪ್ಲಗ್ ಹಾಕಿದ ಎಂಜಿನ್ನನ್ನು ಒಮ್ಮೆ, ಬಿಚ್ಚಿದ ಎಂಜಿನ್ನನ್ನು ಒಮ್ಮೆ ತಿರುಗಿಸಿ ನೋಡಿದವನಿಗೆ ಒತ್ತಡವೆಂದರೇನೆಂದು ಮರೆಯುವುದಿಲ್ಲ. ಪಾಲಕರು ಮುಂದಿನ ಸಲ ಕಾರನ್ನು ಸರ್ವೀಸಿಗೆ ಬಿಡುವಾಗ ಮಕ್ಕಳನ್ನೂ ಕರೆದೊಯ್ಯಿರಿ. ಮೆಕ್ಯಾನಿಕ್ಕಿನ ಅನುಮತಿ ಕೇಳಿ, ದೂರದಲ್ಲಿ ನಿಂತು ನೋಡಲಿ. ಅವರ ಪ್ರಶ್ನೆಗಳಿಗೆ ಆತ ಸಂತೋಷದಿಂದಲೇ ಉತ್ತರ ಹೇಳಿಯಾನು.

ಈ ವಾರದ ಪ್ರಶ್ನೆ: ಪ್ಲಗ್ಗುಗಳನ್ನು ಹಾಕಿರುವ ನಾಲ್ಕು ಸಿಲಿಂಡರಿನ ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿದರೆ ಸ್ಪ್ಯಾನರ್ ಎಷ್ಟು ಸಲ ಬಿಗಿಯಾಗುತ್ತದೆ? ಮೂರು ಸಿಲಿಂಡರಿನದಾದರೆ? ಎರಡು ಬಿಗಿತಗಳ ನಡುವೆ ಎಷ್ಟು ಡಿಗ್ರಿ ಅಂತರ? ಕಾಗದದ ಮೇಲೆ ಲೆಕ್ಕ ಹಾಕಿ, ಆಮೇಲೆ ಗ್ಯಾರೇಜಿನಲ್ಲಿ ಕೇಳಿ ತಾಳೆ ನೋಡಿ.